ಎಸಿಎಲ್ ಸರ್ಜರಿ ಆಗಿ ಆರು ತಿಂಗಳಾಯ್ತು, ನೋವೇ ಇಲ್ಲ. ಮತ್ತೆ ಆಡಬಹುದಾ?

ಎಸಿಎಲ್ ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್, ಗಟ್ಟಿ ಪಟ್ಟಿ. ಈ ಪ್ರಶ್ನೆಯ ಜೊತೆ ಸಾಮಾನ್ಯವಾಗಿ ಒಂದು ವಾದವೂ ಬರುತ್ತದೆ: ಮೆಟ್ಟಿಲು ಹತ್ತುತ್ತೇನೆ, ಜಾಗಿಂಗ್ ಮಾಡುತ್ತೇನೆ, ಮಂಡಿ ಆರಾಮಾಗಿದೆ, ಇನ್ನೂ ಯಾಕೆ ಕಾಯಬೇಕು?

ನೇರವಾಗಿ ಹೇಳಿಬಿಡುತ್ತೇನೆ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಕಬಡ್ಡಿಯಂಥ, ಓಡುತ್ತಾ ಗಕ್ಕನೆ ತಿರುಗಬೇಕಾದ ಆಟವಾದರೆ ಈಗಲೇ ಬೇಡ.

ನೋವು ಹೋಯಿತು ಅಂದರೆ ಒಳಗಿನ ಕೆಲಸ ಮುಗಿಯಿತು ಅಂತಲ್ಲ. ಹರಿದ ಲಿಗಮೆಂಟನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ನಿಮ್ಮದೇ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ತುಂಡು ತೆಗೆದು, ಮೂಳೆಯಲ್ಲಿ ತೂತು ಕೊರೆದು ಕೂರಿಸುತ್ತಾರೆ. ಅದೇ ಗ್ರಾಫ್ಟ್. ತಮಾಷೆ ಏನು ಗೊತ್ತಾ, ಹಾಕಿದ ದಿನ ಅದು ಗಟ್ಟಿಯಾಗೇ ಇರುತ್ತದೆ, ಆಮೇಲೆ ಮೆತ್ತಗಾಗುತ್ತದೆ. ರಕ್ತದ ಸಂಪರ್ಕ ಕಡಿದುಹೋದ ತುಂಡಲ್ವಾ, ಹಳೇ ಜೀವಕೋಶಗಳು ಸಾಯುತ್ತವೆ, ಹೊಸ ರಕ್ತನಾಳ ಬೆಳೆಯಬೇಕು, ಹೊಸ ಕೋಶಗಳು ಬಂದು ಎಳೆಗಳನ್ನು ಮತ್ತೆ ಕಟ್ಟಬೇಕು. ಎರಡು ಮೂರನೇ ತಿಂಗಳಲ್ಲಿ, ಅಂದರೆ ನೀವು ಊರುಗೋಲು ಬಿಸಾಕಿ ಖುಷಿಯಾಗಿ ಓಡಾಡುವ ಹೊತ್ತಿಗೇ, ಅದು ಬಹಳ ದುರ್ಬಲವಾಗಿರುತ್ತದೆ. ಪೂರ್ತಿ ಮಾಗಲು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬೇಕು. ಇದ್ಯಾವುದೂ ನೋವಾಗಿ ಗೊತ್ತಾಗುವುದಿಲ್ಲ.

ಹಾಗಾದರೆ ಎಷ್ಟು ತಿಂಗಳು? 2016ರಲ್ಲಿ ಪ್ರಕಟವಾದ ಡೆಲವೇರ್-ಓಸ್ಲೋ ಅಧ್ಯಯನದಲ್ಲಿ, 9 ತಿಂಗಳವರೆಗೆ ತಡಮಾಡಿದ ಒಂದೊಂದು ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿದಿತ್ತು. ನೂರು ಚಿಲ್ಲರೆ ಜನರ ಚಿಕ್ಕ ಅಧ್ಯಯನ ಅದು, ನಿಜ. ಆದರೂ 9 ತಿಂಗಳಿಗಿಂತ ಮುಂಚೆ ಬೇಡ ಅನ್ನುವವರು ಈಗ ಬಹಳ ಜನ. ಲಿವರ್‌ಪೂಲ್‌ನ ಫುಟ್‌ಬಾಲ್ ಆಟಗಾರ ವರ್ಜಿಲ್ ವಾನ್ ಡೈಕ್ 2020ರ ಅಕ್ಟೋಬರ್‌ನಲ್ಲಿ ಇದೇ ಎಸಿಎಲ್ ಗಾಯ ಮಾಡಿಕೊಂಡವರು, ಮುಂದಿನ ಬೇಸಿಗೆಯ ಯೂರೋ ಟೂರ್ನಿಯನ್ನೇ ಬಿಟ್ಟುಕೊಟ್ಟು, ಲೀಗ್ ಪಂದ್ಯಕ್ಕೆ ಮರಳಿದ್ದು 2021ರ ಆಗಸ್ಟ್‌ನಲ್ಲಿ.

ಬರೀ ಕ್ಯಾಲೆಂಡರ್ ನೋಡಿದರೂ ಸಾಲದು. ಮಂಡಿ ಊದಿದ್ದಾಗ ತೊಡೆ ಮುಂದಿನ ಕ್ವಾಡ್ರಿಸೆಪ್ಸ್ ಸ್ನಾಯುವನ್ನು ನರಗಳೇ ತಡೆದು ಹಿಡಿಯುತ್ತವೆ, ನೀವು ಎಷ್ಟೇ ಮನಸ್ಸು ಮಾಡಿದರೂ ಅದು ಪೂರ್ತಿ ಬಿಗಿಯಾಗುವುದಿಲ್ಲ. ಅದಕ್ಕೇ ಆ ತೊಡೆ ಅಷ್ಟು ಬೇಗ ಸೊರಗುವುದು. ಮತ್ತೆ ತುಂಬಿಸಲು ತಿಂಗಳುಗಟ್ಟಲೆ ಭಾರ ಎತ್ತಬೇಕು. ಆಟಕ್ಕೆ ಬಿಡುವ ಮುಂಚೆ ಆ ಕಾಲಿನ ಶಕ್ತಿ ಇನ್ನೊಂದು ಕಾಲಿನ ಕನಿಷ್ಠ 90 ಶೇಕಡಾ ಇದೆಯಾ ಅಂತ ಮಷಿನ್‌ನಲ್ಲಿ ಅಳೆಯುತ್ತಾರೆ, ಒಂಟಿಕಾಲಲ್ಲಿ ಹಾರಿಸಿಯೂ ನೋಡುತ್ತಾರೆ. ಇಲ್ಲೊಂದು ಮೋಸ ಇದೆ: ಇಷ್ಟು ದಿನ ಸುಮ್ನೆ ಕೂತು ಆ ಇನ್ನೊಂದು ಕಾಲೂ ಸೊರಗಿರುತ್ತದಲ್ಲ, ಹಾಗಾಗಿ 90 ಬಂದರೂ ಕುಣಿಯಬೇಡಿ.

ಮತ್ತೆ ಪೆಟ್ಟಾದೀತು ಅನ್ನುವ ಭಯದ ವಿಷಯವನ್ನು ಹೆಚ್ಚಾಗಿ ಯಾರೂ ಕೇಳುವುದಿಲ್ಲ, ನೀವೇ ಹೇಳಬೇಕು. ಜಿಗಿದು ಇಳಿಯುವಾಗ ಗೊತ್ತಿಲ್ಲದೇ ಭಾರವನ್ನೆಲ್ಲ ಒಳ್ಳೇ ಕಾಲಿಗೆ ಹಾಕುವವರು ತುಂಬ ಜನ. ಎರಡನೇ ಸಲ ಹರಿಯುವುದು ಯಾವಾಗಲೂ ಸರ್ಜರಿ ಆದ ಕಾಲೇ ಅಲ್ಲ, ಎಷ್ಟೋ ಸಲ ಇನ್ನೊಂದು. ಫಿಸಿಯೋ ಎದುರು ಧೈರ್ಯವಂತರ ಥರ ನಟಿಸಿ ಏನೂ ಲಾಭವಿಲ್ಲ.

ಸದ್ಯಕ್ಕೆ ಶಕ್ತಿ ಪರೀಕ್ಷೆ ಮಾಡಿಸಿ. 75 ಬಂತು ಅನ್ನಿ, ಮುಂದಿನ ಮೂರು ತಿಂಗಳು ಏನು ಮಾಡಬೇಕು ಅಂತ ಗೊತ್ತಾಯಿತು. ವ್ಯಾಯಾಮದ ಮರುದಿನ ಮಂಡಿ ಊದಿದರೆ ಭಾರ ಜಾಸ್ತಿಯಾಗಿದೆ, ಇಳಿಸಿ. ಊತ ಇಳಿಯದಿದ್ದರೆ, ಅಥವಾ ನಡೆಯುವಾಗ ಮಂಡಿ ಸರಕ್ಕನೆ ಜಾರಿದಂತಾದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯದೇ ಡಾಕ್ಟರ ಹತ್ತಿರ ಹೋಗಿ.