ಒಂದು ಕೋವಿಗೆ ಎಷ್ಟು ಕೈ?

ಉದ್ದನೆಯ ಕಬ್ಬಿಣದ ಪಟ್ಟಿಯೊಂದನ್ನು ಕುಲುಮೆಯಲ್ಲಿ ಬೆಳ್ಳಗಾಗುವಷ್ಟು ಕಾಯಿಸಬೇಕು. ಸರಳಿನ ಸುತ್ತ ಬಗ್ಗಿಸಿ, ಅಂಚಿಗೆ ಅಂಚು ಕೂಡಿಸಿ ಬಡಿಯಬೇಕು. ಒಂದು ಸಲ ಕಾಯಿಸಿದರೆ ಬೆಸೆಯುವುದು ಕೆಲವೇ ಇಂಚು. ಬೆಸೆದ ತಕ್ಷಣ ಸರಳನ್ನು ಎಳೆದುಬಿಡಬೇಕು, ಇಲ್ಲದಿದ್ದರೆ ಅದೂ ಒಳಗೇ ಕಚ್ಚಿಕೊಳ್ಳುತ್ತದೆ. ನಳಿಗೆಯ ಉದ್ದ ಮೂರೂವರೆ ಅಡಿ. ಎಷ್ಟು ಸಲ ಕಾಯಿಸಬೇಕು, ನೀವೇ ಲೆಕ್ಕ ಹಾಕಿ!

18ನೇ ಶತಮಾನದಲ್ಲಿ ಅಮೆರಿಕದ ಬ್ರಿಟಿಷ್ ವಸಾಹತುಗಳಲ್ಲಿ ಚಕಮಕಿ ಕೋವಿಯ ನಳಿಗೆ ಹೀಗೆ ತಯಾರಾಗುತ್ತಿತ್ತು. ರೈಫಲ್ ಆದರೆ ಇನ್ನೊಂದು ಕೆಲಸ ಜಾಸ್ತಿ. ಗುಂಡು ಬುಗುರಿಯಂತೆ ತಿರುಗುತ್ತಾ ಹೋಗಲಿ ಅಂತ ನಳಿಗೆಯ ಒಳಗೆ ಸುರುಳಿ ಗೀರು ತೋಡಬೇಕು. ಈ ವಿದ್ಯೆಯನ್ನು ಪೆನ್ಸಿಲ್ವೇನಿಯಾಕ್ಕೆ ತಂದವರು ಜರ್ಮನ್ ಮಾತಾಡುವ ವಲಸಿಗರು. ಅವರ ಊರಿನ ಗಿಡ್ಡ, ದಪ್ಪ ಬೇಟೆ ಕೋವಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಮುತ್ತ ಉದ್ದವಾಗಿ ತೆಳ್ಳಗಾಯಿತು.

ನಿಜವಾದ ತಲೆನೋವು ಬೆಂಕಿ ಹೊತ್ತಿಸುವ ಲಾಕಿನದು. ಕುದುರೆ ಅಂದರೆ ಕುದುರೆ ಎಳೆದಾಗ ಸುತ್ತಿಗೆಯಂತೆ ಬಡಿಯುವ ಲಾಕಿನ ಭಾಗ; ಅದರ ಬಾಯಲ್ಲಿ ಚಕಮಕಿ ಕಲ್ಲು. ಅದು ಉಕ್ಕಿನ ತಗಡಿಗೆ ಹೊಡೆದರೆ ಕಿಡಿ ಹಾರಿ, ಪುಟ್ಟ ಬಟ್ಟಲಿನ ಮದ್ದಿಗೆ ಬಿದ್ದು, ತೂತಿನ ಮೂಲಕ ಬೆಂಕಿ ಒಳಗೆ ಹೋಗುತ್ತದೆ. ತಗಡು ಮೆತ್ತಗಿದ್ದರೆ ಕಿಡಿಯೇ ಇಲ್ಲ. ಸ್ಪ್ರಿಂಗ್ ಗಟ್ಟಿಯಾದರೆ ಮುರಿಯುತ್ತದೆ, ಮೆತ್ತಗಾದರೆ ಬಲ ಸಾಲದು.

ಹಾಗಾಗಿ ತುಂಬಾ ಜನ ಕಮ್ಮಾರರು ಏನು ಮಾಡುತ್ತಿದ್ದರು ಗೊತ್ತಾ? ಇಂಗ್ಲೆಂಡಿನಿಂದ ಬಂದ ಲಾಕನ್ನೇ ಕೊಂಡು ಕೂರಿಸುತ್ತಿದ್ದರು. ಒಬ್ಬನೇ ಕೂತು ಇಡೀ ಕೋವಿ ಮಾಡುತ್ತಿದ್ದ ಎನ್ನುವ ಕಥೆ ಚೆಂದ, ಅಷ್ಟೇ. ದಿನದ ಊಟ ಹುಟ್ಟುತ್ತಿದ್ದುದು ರಿಪೇರಿಯಿಂದ. ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ಡೇವಿಡ್ ಮತ್ತು ವಿಲಿಯಂ ಗೆಡ್ಡಿ ಎಂಬ ಅಣ್ಣತಮ್ಮಂದಿರು 1751ರಲ್ಲಿ ಪತ್ರಿಕೆಗೆ ಜಾಹೀರಾತು ಕೊಟ್ಟರು. ಅದರಲ್ಲಿ ಕೋವಿ ಕೆಲಸದ ಜೊತೆಗೆ ಚಾಕು ಚೂರಿ ಕೆಲಸ, ಲೋಹದ ಎರಕ ಎಲ್ಲವೂ ಇತ್ತು.

1774ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ರಾಜ ಅಮೆರಿಕಕ್ಕೆ ಆಯುಧ, ಮದ್ದು ಹೋಗದಂತೆ ತಡೆದ. ಕೊಂಡು ತರುವ ದಾರಿ ಕಷ್ಟವಾಯಿತು. ಮರುವರ್ಷವೇ ವರ್ಜೀನಿಯಾದವರು ಫ್ರೆಡರಿಕ್ಸ್‌ಬರ್ಗ್‌ನಲ್ಲಿ ತಮ್ಮದೇ ಬಂದೂಕು ಕಾರ್ಖಾನೆ ಹಾಕಿದರು.

19ನೇ ಶತಮಾನದ ಮೊದಲರ್ಧದಲ್ಲಿ ಕೇಪು ಬಂತು, ಅಂದರೆ ಬಡಿದರೆ ಸಿಡಿಯುವ ಮದ್ದಿರುವ ಪುಟ್ಟ ಲೋಹದ ಟೋಪಿ. ನಮ್ಮ ಮಲೆನಾಡಿನ ಕೇಪಿನ ಕೋವಿಯದೂ ಅದೇ ತಂತ್ರ. ಚಕಮಕಿ ಮೂಲೆ ಸೇರಿತು. ಯಂತ್ರದ ನಳಿಗೆ ಅಗ್ಗವಾದ ಮೇಲೆ ಕುಲುಮೆಯಲ್ಲಿ ನಳಿಗೆ ಬೆಸೆಯುವವರೂ ಕಡಿಮೆಯಾಗುತ್ತಾ ಬಂದರು.

1960ರ ದಶಕದಲ್ಲಿ ಅದೇ ವಿಲಿಯಮ್ಸ್‌ಬರ್ಗ್‌ನಲ್ಲಿ ವ್ಯಾಲೇಸ್ ಗುಸ್ಲರ್ ಈ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡರು. ಹಳೆಯ ಕೋವಿಗಳನ್ನು ನೋಡಿ ನೋಡಿ ಕಲಿತು, ನಳಿಗೆ, ಲಾಕು, ಮರದ ಹಿಡಿ, ಸ್ಕ್ರೂ ಸಮೇತ ಎಲ್ಲವನ್ನೂ ಹಳೇ ಕಾಲದ ಉಪಕರಣಗಳಿಂದಲೇ ಮಾಡಿದರು. 1969ರಲ್ಲಿ ಅದರ ಸಾಕ್ಷ್ಯಚಿತ್ರವೂ ಬಂತು. ಗೆಡ್ಡಿ ಅಣ್ಣತಮ್ಮಂದಿರು ಅದನ್ನು ನೋಡಿದ್ದರೆ, "ಲಾಕು ಅಂಗಡಿಯಲ್ಲೇ ಸಿಗುತ್ತಲ್ಲ ಮಾರಾಯ, ಸುಮ್ನೆ ಯಾಕೆ ಒದ್ದಾಡ್ತೀಯ?" ಅಂತಿದ್ದರೋ ಏನೋ.