ಓಟರ್ ಕಾರ್ಡ್ ಕಳೆದುಹೋದರೆ ಮತವೂ ಹೋಗುತ್ತದೆಯೇ?

ಪ್ರಶ್ನೆ: ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ. ಮೂಡಿಗೆರೆ ಸಮೀಪದ ನಮ್ಮೂರಿನಲ್ಲಿ ಅವರನ್ನು ತಿಳಿಯದವರಿಲ್ಲ. ಅವರ ಓಟರ್ ಕಾರ್ಡ್ ಕಳೆದುಹೋಗಿದೆ. ಊರಿಗೆ ಊರೇ ಗುರುತಿಸುವವರಿಗೂ ಫೋಟೊ ಇರುವ ಕಾರ್ಡ್ ಏಕೆ ಬೇಕು? ಅದಿಲ್ಲದೆ ಮತ ಹಾಕುವಂತಿಲ್ಲವೇ?

ಉತ್ತರ: ಖಂಡಿತ ಹಾಕಬಹುದು, ಮತದಾರರ ಪಟ್ಟಿಯಲ್ಲಿ ಅವರ ಹೆಸರಿದ್ದರೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಸೆಕ್ಷನ್ ಮತದ ಹಕ್ಕನ್ನು ಕೊಡುವುದು ಪಟ್ಟಿಯಲ್ಲಿ ಹೆಸರಿರುವವರಿಗೆ. ಪಟ್ಟಿಯಲ್ಲಿರುವವರು ತಾವೇ ಎಂದು ತೋರಿಸುವುದಕ್ಕಷ್ಟೇ ಕಾರ್ಡ್. ಅದು ಇಲ್ಲದವರಿಗೆ 2024ರ ಲೋಕಸಭಾ ಚುನಾವಣೆಯಲ್ಲಿ ಆಯೋಗ ಬೇರೆ 12 ದಾಖಲೆಗಳನ್ನು ಒಪ್ಪಿತ್ತು: ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಪಿಂಚಣಿ ದಾಖಲೆ, ಪ್ಯಾನ್, ಚಾಲನಾ ಪರವಾನಗಿ ಇತ್ಯಾದಿ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ತಂದುಕೊಡುವ ಮತದಾರರ ಚೀಟಿಯೊಂದನ್ನೇ ಹಿಡಿದು ಹೋಗಬೇಡಿ. 2019ರಿಂದ ಅದನ್ನು ಗುರುತಿನ ದಾಖಲೆಯಾಗಿ ಪರಿಗಣಿಸುವುದಿಲ್ಲ.

ಊರೇ ಗುರುತಿಸುತ್ತದೆಯಲ್ಲ ಎಂಬ ನಿಮ್ಮ ಮಾತಿಗೆ ಬರೋಣ. ಮತಗಟ್ಟೆಯ ಸಿಬ್ಬಂದಿಯನ್ನು ಬೇರೆ ಕಡೆಯಿಂದಲೇ ನಿಯೋಜಿಸುತ್ತಾರೆ, ಅವರಿಗೆ ಊರಿನವರ ಪರಿಚಯವಿರುವುದಿಲ್ಲ. ಮುಖ ನೋಡಿ ಹೇಳಬಲ್ಲವರು ಪಕ್ಷದ ಏಜೆಂಟರು. ‘ಇವರು ಆ ಹೆಸರಿನವರಲ್ಲ’ ಎಂದು ಏಜೆಂಟ್ ಎರಡು ರೂಪಾಯಿ ಠೇವಣಿ ಇಟ್ಟು ಆಕ್ಷೇಪಿಸಬಹುದು. ಮತಗಟ್ಟೆಯ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿ ಅಲ್ಲೇ ವಿಚಾರಣೆ ನಡೆಸಿ ತೀರ್ಮಾನಿಸಬೇಕು. ನಿಮ್ಮ ಅತ್ತೆಯವರ ಪರವಾಗಿ ಹತ್ತು ಜನ ಮಾತಾಡುತ್ತಾರೆ. ಆದರೆ ಕಳೆದ ವರ್ಷವಷ್ಟೇ ಎಸ್ಟೇಟಿನ ಲೈನ್ ಮನೆಗೆ, ಅಂದರೆ ಕಾರ್ಮಿಕರ ಸಾಲುಮನೆಗೆ, ಬಂದು ಸೇರಿದ ಕಾರ್ಮಿಕ ಮಹಿಳೆಯ ಪರವಾಗಿ ಯಾರು ಮಾತಾಡಬೇಕು? ಮೇಸ್ತ್ರಿಯೋ, ತೋಟದ ಲೆಕ್ಕ ಬರೆಯುವ ರೈಟರೋ? ಗುರುತಿಸುವವರ ಮಾತಿನ ಮೇಲೆ ಮತ ನಿಂತರೆ ಆಕೆ ಅವರ ಹಂಗಿಗೆ ಬೀಳುತ್ತಾಳೆ. ಕೈಯಲ್ಲಿ ತನ್ನದೇ ಫೋಟೊ ಇರುವ ಕಾಗದವಿದ್ದರೆ ಆಕೆ ಯಾರ ಮುಖವನ್ನೂ ನೋಡಬೇಕಿಲ್ಲ. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಫೋಟೊ ಕಾರ್ಡ್ ಆರಂಭವಾಯಿತು. ಕಳ್ಳ ಮತ ತಡೆಯುವುದು ಅದರ ಉದ್ದೇಶವಾಗಿತ್ತು. ಬಡವರಿಗೆ ಅದು ಕೊಟ್ಟ ಸ್ವಾತಂತ್ರ್ಯ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಒಂದೇ ಕಾರ್ಡ್ ಬೇಕೆಂದು ಹಟ ಹಿಡಿದರೆ ಮಾತ್ರ ಇದೇ ನಿಯಮ ಅದೇ ಬಡವರನ್ನು ಹೊರಗಿಡುತ್ತದೆ. ಬ್ರಿಟನ್ನಿನಲ್ಲಿ 2022ರ ಕಾನೂನಿನಂತೆ 2023ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸ್ಥಳೀಯ ಚುನಾವಣೆಗಳಲ್ಲಿ ಮೊದಲ ಬಾರಿಗೆ ಫೋಟೊ ಗುರುತು ಕಡ್ಡಾಯವಾಯಿತು. ಕನಿಷ್ಠ 14,000 ಮಂದಿ ಮತ ಹಾಕಲಾಗದೆ ಹಿಂದಿರುಗಿದರು ಎಂದು ಅಲ್ಲಿನ ಚುನಾವಣಾ ಆಯೋಗವೇ ಹೇಳಿತು. ಆದ್ದರಿಂದ ನಮ್ಮಲ್ಲಿ ಒಪ್ಪುವ ದಾಖಲೆಗಳ ಪಟ್ಟಿ ಎಷ್ಟು ಉದ್ದವಿದ್ದರೆ ಅಷ್ಟು ಒಳ್ಳೆಯದು. ಅದನ್ನು ಮೊಟಕುಗೊಳಿಸುವ ಯಾವ ಪ್ರಸ್ತಾಪವನ್ನೂ ನಾನು ಒಪ್ಪಲಾರೆ.

ಕಾಫಿ ಸೀಮೆಯಲ್ಲಿ ಮತ ಕೈತಪ್ಪುವ ದೊಡ್ಡ ದಾರಿ ಬೇರೆಯೇ ಇದೆ. ಸಕಲೇಶಪುರದ ತೋಟದಿಂದ ಮೂಡಿಗೆರೆಗೆ, ಅಲ್ಲಿಂದ ಆಲೂರಿಗೆ ಕೆಲಸ ಹುಡುಕಿ ಹೋಗುವವರ ಹೆಸರು ಹಳೆಯ ಊರಿನ ಪಟ್ಟಿಯಲ್ಲೇ ಉಳಿಯುತ್ತದೆ, ಇಲ್ಲವೇ ಅಳಿಸಿಹೋಗುತ್ತದೆ. ಆಗ ಯಾವ ಕಾರ್ಡ್ ತೋರಿಸಿದರೂ ಪ್ರಯೋಜನವಿಲ್ಲ. ಮನೆ ಬದಲಿಸಿದವರು ನಮೂನೆ 8, ಹೊಸಬರು ನಮೂನೆ 6 ತುಂಬಬೇಕು. ನಮೂನೆ 6 ತುಂಬುವವರಲ್ಲಿ ವಿಳಾಸಕ್ಕೆ ದಾಖಲೆಯೇ ಇಲ್ಲದಿದ್ದರೂ ಅರ್ಜಿ ಬಿದ್ದುಹೋಗುವುದಿಲ್ಲ, ಅಧಿಕಾರಿ ಸ್ಥಳಕ್ಕೆ ಬಂದು ಪರಿಶೀಲಿಸಬೇಕು. ಮನೆಯೇ ಇಲ್ಲದವರಾದರೆ ಅವರು ಮಲಗುವ ಜಾಗಕ್ಕೆ ಬಿಎಲ್‌ಒ ರಾತ್ರಿ ಹೋಗಿ ನೋಡಬೇಕೆಂಬ ಸೂಚನೆಯೂ ಇದೆ. ಲೈನ್ ಮನೆಗಳಲ್ಲಿ ಇರುವವರಿಗೆ ಇದನ್ನು ದಯವಿಟ್ಟು ತಿಳಿಸಿ.

ಅತ್ತೆಯವರ ಹೊಸ ಕಾರ್ಡಿಗೂ ನಮೂನೆ 8 ಸಾಕು. ಸಂದೇಹವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ. ಕಾರ್ಡಿನಲ್ಲಿ ಹೆಸರಿನ ಅಕ್ಷರ ಸ್ವಲ್ಪ ತಪ್ಪಿದ್ದರೆ ಹೆದರಬೇಡಿ, ಗುರುತು ಖಚಿತವಾದರೆ ಅಂಥ ತಪ್ಪನ್ನು ಕಡೆಗಣಿಸಬೇಕೆಂದು ಆಯೋಗವೇ ಹೇಳಿದೆ. ಅವರ ಹೆಸರಿನಲ್ಲಿ ಬೇರೆ ಯಾರೋ ಆಗಲೇ ಮತ ಹಾಕಿದ್ದರೂ ಸುಮ್ಮನೆ ಹಿಂದಿರುಗುವುದು ಬೇಡ. ಗುರುತು ಸಾಬೀತಾದರೆ ಅಧ್ಯಕ್ಷಾಧಿಕಾರಿ ಪ್ರತ್ಯೇಕ ಮತಪತ್ರ ಕೊಡಬೇಕು.

ಇವತ್ತೇ ಪಟ್ಟಿಯಲ್ಲಿ ಅವರ ಹೆಸರು ನೋಡಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ, ಆ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಯಾರ ಹೆಸರನ್ನೂ ಸೇರಿಸುವಂತಿಲ್ಲ.