ಮಂಡಿಯ ಮೃದ್ವಸ್ಥಿಗೆ ತೇಪೆ ಹಾಕುವುದು ಏಕಿಷ್ಟು ಕಷ್ಟ?

ಚರ್ಮ ಕೊಯ್ದುಕೊಂಡರೆ ಕೂಡಿಕೊಳ್ಳುತ್ತದೆ, ಮೂಳೆ ಮುರಿದರೆ ಬೆಸೆದುಕೊಳ್ಳುತ್ತದೆ. ಮಂಡಿಯೊಳಗೆ ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿ (ಕಾರ್ಟಿಲೇಜ್) ಮಾತ್ರ ಒಮ್ಮೆ ಕಿತ್ತುಹೋದರೆ ಹೋದದ್ದೇ. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಇದನ್ನು ಬರೆದಿಟ್ಟಿದ್ದ. ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪದ ಈ ನುಣುಪು ಪದರದಲ್ಲಿ ರಕ್ತನಾಳವಿಲ್ಲ, ನರವೂ ಇಲ್ಲ. ಜೀವಕೋಶಗಳು ಅಲ್ಲೊಂದು ಇಲ್ಲೊಂದು. ಮಿಕ್ಕಿದ್ದೆಲ್ಲ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಬಲೆ ಮತ್ತು ಅದರಲ್ಲಿ ಸಿಕ್ಕಿಕೊಂಡ ನೀರು. ಗಾಯದ ಸುದ್ದಿ ಮುಟ್ಟುವುದೂ ಇಲ್ಲ, ನೆರವು ಬರುವುದೂ ಇಲ್ಲ.

ಹಾಗಾದರೆ ಕೆಳಗಿನ ಮೂಳೆಯಿಂದಲೇ ರಕ್ತ ತರಿಸಿದರೆ? ಅಮೆರಿಕದ ಮೂಳೆವೈದ್ಯ ರಿಚರ್ಡ್ ಸ್ಟೆಡ್‌ಮನ್ 1980ರ ದಶಕದಲ್ಲಿ ಬಳಕೆಗೆ ತಂದ ‘ಮೈಕ್ರೋಫ್ರ್ಯಾಕ್ಚರ್’ ಇದೇ. ಗಾಯದ ತಳ ಕೆರೆದು ಶುಚಿಮಾಡಿ, ದಬ್ಬಳದಂಥ ಉಪಕರಣದಿಂದ ಮೂರು-ನಾಲ್ಕು ಮಿಲಿಮೀಟರಿಗೊಂದರಂತೆ ತೂತು ಹೊಡೆಯುತ್ತಾರೆ. ಶಸ್ತ್ರಚಿಕಿತ್ಸೆಯ ವೇಳೆ ಕೀಲಿನೊಳಗೆ ಹರಿಸುತ್ತಿದ್ದ ನೀರಿನ ಒತ್ತಡ ಇಳಿಸಿದಾಗ ತೂತುಗಳಿಂದ ರಕ್ತ, ಕೊಬ್ಬಿನ ಹನಿ ಒಸರಿದರೆ ಆಳ ಸಾಕು ಎಂದರ್ಥ. ಅಲ್ಲಿ ಕಟ್ಟಿದ ಹೆಪ್ಪಿನಲ್ಲಿ ಮಜ್ಜೆಯ ಕಾಂಡಕೋಶಗಳು, ಅಂದರೆ ಬೇರೆ ಬೇರೆ ಅಂಗಾಂಶವಾಗಿ ಬೆಳೆಯಬಲ್ಲ ಕೋಶಗಳು, ಬೇರೂರುತ್ತವೆ. ಆದರೆ ಬೆಳೆಯುವುದು ಹೆಚ್ಚಾಗಿ ನಾರು ಮೃದ್ವಸ್ಥಿ, ಗಾಯದ ಕಲೆಯ ದಾಯಾದಿ. ಕೆಲವು ವರ್ಷ ನೋವು ತಗ್ಗಿಸಿ ಆಮೇಲೆ ಅದೂ ಸವೆಯುತ್ತದೆ. ಕಡಿಮೆ ಭಾರ ಬೀಳುವ ಅಂಚಿನಿಂದ ಮೂಳೆಸಮೇತ ಸಣ್ಣ ಬಿಲ್ಲೆಗಳನ್ನು ಕಿತ್ತು ಗಾಯದಲ್ಲಿ ನೆಡುವ ಪದ್ಧತಿಯೂ ಇದೆ. ಒಂದು ಕಡೆ ತೋಡಿ ಇನ್ನೊಂದು ಕಡೆ ತುಂಬುವ ಲೆಕ್ಕ ಇದು, ದೊಡ್ಡ ಗಾಯಕ್ಕೆ ಸಾಲದು.

1987ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬೇರೆಯೇ ಪ್ರಯತ್ನ ಶುರುವಾಯಿತು. ರೋಗಿಯದ್ದೇ ಮೃದ್ವಸ್ಥಿಯ ಚೂರು ತೆಗೆದು, ಕಿಣ್ವದಿಂದ ಕರಗಿಸಿ ಜೀವಕೋಶಗಳನ್ನು ಬಿಡಿಸಿ, ಲ್ಯಾಬಿನಲ್ಲಿ ವಾರಗಟ್ಟಲೆ ಬೆಳೆಸಿ ಮರಳಿ ತುಂಬಿದರು. ಮೊದಲ 23 ರೋಗಿಗಳ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ನನಗೆ ಅತ್ಯಂತ ಕುತೂಹಲ ಹುಟ್ಟಿಸುವ ತೊಡಕು ಕಂಡದ್ದು ಈ ಬೆಳೆಸುವ ಕೆಲಸದಲ್ಲೇ. ಚಪ್ಪಟೆ ತಟ್ಟೆಯ ಮೇಲೆ ಬಿಟ್ಟರೆ ಈ ಕೋಶಗಳು ತಮ್ಮ ಕಸುಬನ್ನೇ ಮರೆಯುತ್ತವೆ! ದುಂಡಗಿದ್ದವು ಉದ್ದಕ್ಕೆ ಚಾಚಿಕೊಂಡು, ಮೃದ್ವಸ್ಥಿಗೆ ಬೇಕಾದ ಎರಡನೇ ಬಗೆಯ ಕೊಲಾಜೆನ್ ಬಿಟ್ಟು ಚರ್ಮ, ಸ್ನಾಯುರಜ್ಜುಗಳಲ್ಲಿರುವ ಒಂದನೇ ಬಗೆಯದನ್ನು ನೇಯತೊಡಗುತ್ತವೆ. ಅವನ್ನೇ ಜೆಲ್ಲಿನೊಳಗೆ ಹುದುಗಿಸಿಟ್ಟರೆ ಮತ್ತೆ ದುಂಡಗಾಗಿ ಹಳೆಯ ಕೆಲಸಕ್ಕೆ ಹಚ್ಚಿಕೊಳ್ಳುತ್ತವೆ. ಕೋಶಕ್ಕೆ ಆಹಾರದಷ್ಟೇ ಸುತ್ತಲಿನ ಆಕಾರವೂ ಮುಖ್ಯ ಎಂದಾಯಿತು. ಅಂಗಾಂಶ ಎಂಜಿನಿಯರುಗಳು ಮೂರು ಆಯಾಮದ ಚೌಕಟ್ಟುಗಳ ಬೆನ್ನುಹತ್ತಿದ್ದು, ಬೆಳೆಯುವ ಅಂಗಾಂಶವನ್ನು ನಡಿಗೆಯ ಲಯದಲ್ಲಿ ಅದುಮಿ ಬಿಡುವ ಯಂತ್ರ ಕಟ್ಟಿದ್ದು ಇಂಥ ಅರಿವಿನಿಂದಲೇ. ಕೊಲಾಜೆನ್ ಪೊರೆಯ ಮೇಲೆ ಕೋಶ ಬಿತ್ತಿ, ಗಾಯದ ಅಳತೆಗೆ ಕತ್ತರಿಸಿ ಅಂಟಿಸುವ ಪದ್ಧತಿಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು.

ಅದೇ ವರ್ಷ ಸ್ವಿಟ್ಜರ್ಲೆಂಡಿನ ಬಾಸೆಲ್ ತಂಡ ಹತ್ತು ರೋಗಿಗಳ ಮಂಡಿಗೆ ಮೂಗಿನ ಮೃದ್ವಸ್ಥಿಯಿಂದ ಬೆಳೆಸಿದ ತೇಪೆ ಹಾಕಿದ ವರದಿ ಕೊಟ್ಟಿತು. ಹುಟ್ಟಿದಾಗಿನಿಂದ ಭಾರವನ್ನೇ ಹೊರದ ಮೂಗಿನ ಕೋಶಗಳು ಮಂಡಿಯಲ್ಲಿ ಬಾಳಿಯಾವು ಎಂದು ಯಾರು ನಂಬುತ್ತಿದ್ದರು?

ಇಷ್ಟಾದರೂ ತೇಪೆಯ ಅಂಚು ಹಳೆಯ ಮೃದ್ವಸ್ಥಿಯೊಂದಿಗೆ ಪೂರ್ತಿ ಬೆಸೆಯುವುದು ಇಂದಿಗೂ ಕಷ್ಟ. ಸುತ್ತ ಗಟ್ಟಿ ಅಂಚಿರುವ ಗಾಯಕ್ಕೆ ಇವೆಲ್ಲ ಹೊಂದುತ್ತವೆ. ಸಂಧಿವಾತದಿಂದ ಇಡೀ ಕೀಲು ಸವೆದವರಿಗೆ ಹೊಲಿಯಲು ಅಂಚೇ ಉಳಿದಿರುವುದಿಲ್ಲ.